ಹುಳುವಿನ ಪತ್ತೆಗೆ ಕೋಳಿಮೊಟ್ಟೆ

ಅಂಕೋಲೆ ಸೀಮೆಯ ಶೆಟಗೇರಿಯಲ್ಲಿ ಹಿತ್ತಲ ಒದ್ದೆಮಣ್ಣಿನ ಮೇಲೆ ಬರಿಗಾಲಿನಲ್ಲಿ ಆಡುವ ಹುಡುಗನನ್ನೂ ಅಲ್ಲಿಯೇ ಕೆದಕುವ ಹೇಂಟೆಯನ್ನೂ ಕಲ್ಪಿಸಿಕೊಳ್ಳೋಣ. ಅಂಥ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿದ್ದರೆ ಅವು ಪಾದದ ಚರ್ಮವನ್ನು ಕೊರೆದು ಒಳಹೊಕ್ಕು, ಕೊನೆಗೆ ಕರುಳನ್ನು ಕಚ್ಚಿ ರಕ್ತವನ್ನು ಹೀರುವುವು. ವೈದ್ಯರು ಮಲದಲ್ಲಿ ಹುಳುವಿನ ತತ್ತಿಗಳನ್ನು ಸೂಕ್ಷ್ಮದರ್ಶಕದಿಂದ ಹುಡುಕುವರು. ಹುಳುಗಳು ಕೆಲವೇ ಇದ್ದರೆ ತತ್ತಿಗಳು ಕಣ್ತಪ್ಪುವುದುಂಟು. ಇಲ್ಲಿ ಹೇಂಟೆಯು ನಮಗೆ ನೆರವಾಗಬಲ್ಲುದೆ?

ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಕೋಳಿಯ ಮೊಟ್ಟೆಯ ಹಳದಿಯಲ್ಲಿ ಆ ವಿಷವನ್ನು ಅಡಗಿಸುವ ಶಕ್ತಿಯಿದೆಯೆಂದು 1893ರಲ್ಲಿ ಫೆಲಿಕ್ಸ್ ಕ್ಲೆಂಪರರ್ ತೋರಿಸಿದನು. ತಾಯಿಕೋಳಿಯು ತನ್ನ ರಕ್ತದ ಪ್ರತಿಕಾಯಗಳನ್ನು ಮರಿಯ ರಕ್ಷಣೆಗಾಗಿ ಹಳದಿಯಲ್ಲಿ ಕೂಡಿಡುತ್ತದೆ. ಹುಳುವಿನ ಪ್ರೋಟೀನನ್ನು ಕೋಳಿಗೆ ಚುಚ್ಚಿದರೆ, ಅದನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳೂ ಅಲ್ಲಿ ಸೇರುವುವು. ಎಲ್ಲ ಬಗೆಯವೂ ಕೂಡಿ ಒಂದು ಹಳದಿಯಲ್ಲಿ ಸುಮಾರು 50ರಿಂದ 100 ಮಿಲಿಗ್ರಾಂ ಪ್ರತಿಕಾಯ ದೊರೆಯುತ್ತದೆ. ಇದಕ್ಕಾಗಿ ಪ್ರಾಣಿಯ ರಕ್ತವನ್ನು ತೆಗೆಯಬೇಕಾಗಿಲ್ಲ.

ಈ ಪ್ರತಿಕಾಯವನ್ನು ತಟ್ಟೆಯ ಕುಳಿಗೆ ಅಂಟಿಸಿ, ಅದರೊಳಗೆ ರೋಗಿಯ ರಕ್ತದ ತಿಳಿಯನ್ನು ಹಾಕುವರು. ಹುಳು ಸ್ರವಿಸಿದ ಪ್ರೋಟೀನು ಅದರಲ್ಲಿದ್ದರೆ ಸೆರೆಸಿಕ್ಕುತ್ತದೆ. ಕಿಣ್ವವನ್ನು ಜೋಡಿಸಿದ ಇನ್ನೊಂದು ಪ್ರತಿಕಾಯ ಅದಕ್ಕೆ ಅಂಟಿದಾಗ, ಕಿಣ್ವದ ಕ್ರಿಯೆಯಿಂದ ದ್ರವಕ್ಕೆ ಬಣ್ಣ ಬರುತ್ತದೆ. ಕಣ್ಣಿಗೆ ಕಾಣದ ಘಟನೆ ಹೀಗೆ ಕಣ್ಣಿಗೆ ಬೀಳುತ್ತದೆ. ಚೀನಾದಲ್ಲಿ ಷಿಸ್ಟೊಸೋಮ ಎಂಬ ರಕ್ತದ ಹುಳುವಿನ ಪತ್ತೆಗಾಗಿ ಸಂಶೋಧಕರು ಈ ವಿಧಾನವನ್ನು ಪ್ರಯೋಗಿಸಿ ನೋಡಿದ್ದಾರೆ.

ರೋಗಿಯ ದೇಹವೇ ತಯಾರಿಸಿದ ಪ್ರತಿಕಾಯಗಳನ್ನು ಹುಡುಕಿದರೆ ಸಾಲದೆ? ಸಾಲದು. ಹುಳು ಸತ್ತ ಮೇಲೂ ಅವು ಬಹುಕಾಲ ಉಳಿಯುತ್ತವೆ. ಹುಳು ಸ್ರವಿಸುವ ಪ್ರೋಟೀನಾದರೋ ಹುಳು ಅಳಿದ ಬಳಿಕ ಕ್ರಮೇಣ ಮರೆಯಾಗುತ್ತದೆ. ಮಾತ್ರೆ ನುಂಗಿದವನ ಒಡಲಲ್ಲಿ ಹುಳು ಇನ್ನೂ ಬದುಕಿದೆಯೆ ಎಂಬುದೇ ವೈದ್ಯನಿಗೆ ಬೇಕಾದ ಉತ್ತರ. ಅದನ್ನು ಹೇಳುವ ದಾರಿಯೊಂದು ಹಿತ್ತಲ ಹೇಂಟೆಯಂಥ ಸಾಮಾನ್ಯ ಕೋಳಿಯ ಮೊಟ್ಟೆಯಲ್ಲಿದೆ.