ಮುತ್ತು ಬೆಳೆಯುವ ಮುನ್ನ ಮಾರುಕಟ್ಟೆ ಹುಡುಕಿ



ಕೃಷಿ ಹೊಂಡದಲ್ಲಿ ಕಪ್ಪೆಚಿಪ್ಪು ಬಿಟ್ಟು ಮುತ್ತು ಬೆಳೆಯಬಹುದೇ ಎಂದು ಈಚೆಗೆ ಹಲವರು ಕೇಳುತ್ತಾರೆ. ಬೆಳೆಯಬಹುದು, ಅದರಲ್ಲಿ ಸಂದೇಹವಿಲ್ಲ. ಆದರೆ ಬೆಳೆದ ಮುತ್ತನ್ನು ಕೊಳ್ಳುವವರು ಯಾರು ಎಂದು ಕೇಳಿದವರು ಕಡಿಮೆ. ನಾನು ಬೇಸಾಯಶಾಸ್ತ್ರದವನು, ಮೀನುಗಾರಿಕೆ ನನ್ನ ವಿಷಯವಲ್ಲ. ಆದರೂ ಹೊಲದ ಹೊಂಡ ಮತ್ತು ರೈತನ ಹಣ ಎರಡೂ ಇದರಲ್ಲಿ ಸೇರಿರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕುಂತೂರಿನ ರೈತರು ಕಬ್ಬು ಹಾಕಿದರೆ ಊರಿನಲ್ಲೇ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿಗೆ ಇಂತಿಷ್ಟು ಬೆಲೆ ಕೊಡಲೇಬೇಕೆಂದು ಕೇಂದ್ರ ಸರ್ಕಾರ ಗೊತ್ತುಪಡಿಸುತ್ತದೆ. ರೇಷ್ಮೆ ಹುಳು ಸಾಕಿದರೆ ಕೊಳ್ಳೇಗಾಲದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ದರ ಸಾಲದೆಂದು ಗೊಣಗಬಹುದು, ತೂಕದ ಬಗ್ಗೆ ತಕರಾರು ಮಾಡಬಹುದು, ಆದರೆ ಒಯ್ದ ಗೂಡು ಮನೆಗೆ ಮರಳುವುದು ಅಪರೂಪ. ಮುತ್ತಿಗೆ ಇಂತಹ ಹರಾಜು ಕಟ್ಟೆ ನಮ್ಮ ಸೀಮೆಯಲ್ಲಿಲ್ಲ. ಬೆಂಬಲ ಬೆಲೆಯೂ ಇಲ್ಲ.

ಸಮುದ್ರದ ಮುತ್ತು ಬಿದ್ದ ಬಗೆ

ಒಂದು ಕಾಲಕ್ಕೆ ಮುತ್ತಿಗೂ ಹರಾಜು ಕಟ್ಟೆಯಿತ್ತು. ಮನ್ನಾರ್ ಕೊಲ್ಲಿಯ ದಡದಲ್ಲಿ ಮುಳುಗುಗಾರರು ತಂದ ಚಿಪ್ಪನ್ನು ಒಡೆಯದೆಯೇ ಸಾವಿರದ ಲೆಕ್ಕದಲ್ಲಿ ಹರಾಜು ಹಾಕುತ್ತಿದ್ದರು. ಒಳಗೆ ಮುತ್ತಿದೆಯೋ ಇಲ್ಲವೋ ಕೊಂಡವನ ಅದೃಷ್ಟ. ಸಿಂಹಳದ ಕಡೆ ಸರ್ಕಾರಕ್ಕೆ ಮೂರರಲ್ಲಿ ಎರಡು ಪಾಲು, ಮುಳುಗಿದವರಿಗೆ ಒಂದು ಪಾಲು. 1905ರಲ್ಲಿ ಅಲ್ಲಿ ಎಂಟು ಕೋಟಿಗೂ ಮೀರಿ ಚಿಪ್ಪು ಎತ್ತಿದರು. ಸರ್ಕಾರಕ್ಕೆ ಸುಮಾರು 25 ಲಕ್ಷ ರೂಪಾಯಿ ಬಂತು. ಅದನ್ನು ಕಂಡು 1906ರಲ್ಲಿ ಲಂಡನ್ನಿನ ಕಂಪನಿಯೊಂದು 20 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಎರಡೇ ವರ್ಷದಲ್ಲಿ ಚಿಪ್ಪಿನ ದಿಬ್ಬಗಳು ಬರಿದಾದವು. ನಮ್ಮ ತೂತುಕುಡಿಯ ಕಡೆ 1955ರಿಂದ 1961ರವರೆಗೆ ಮುತ್ತು ತೆಗೆದದ್ದೇ ಕೊನೆ.

ಪರ್ಷಿಯನ್ ಕೊಲ್ಲಿಯಲ್ಲಿ ಆದದ್ದು ಬೇರೆ ಬಗೆ. ಅಲ್ಲಿ ಚಿಪ್ಪು ಬರಿದಾಗಲಿಲ್ಲ, ಕೊಳ್ಳುವವರು ಬರಿದಾದರು. ಬಹ್ರೇನ್, ಕುವೈತ್‌ಗಳ ಮುತ್ತು ಮುಂಬಯಿಗೆ ಬಂದು, ಅಲ್ಲಿ ವಿಂಗಡಣೆಯಾಗಿ, ತೂತು ಕೊರೆಸಿಕೊಂಡು, ಪ್ಯಾರಿಸ್ಸಿಗೆ ಹೋಗುತ್ತಿತ್ತು. ಮುಳುಗುವವನು ಹಂಗಾಮಿಗೆ ಮೊದಲೇ ನಾಯಕನಿಂದ ಮುಂಗಡ ಪಡೆದಿರುತ್ತಿದ್ದ. ಸಾಲ ತೀರದಿದ್ದರೆ ಮುಂದಿನ ವರ್ಷವೂ ಅದೇ ದೋಣಿ. ಇಷ್ಟರಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಚಿಪ್ಪಿನೊಳಗೆ ಅರ್ಧಗೋಳದ ಮುತ್ತು ಬೆಳೆಸಿದ್ದರು. 1920ರ ಹೊತ್ತಿಗೆ ಸಾಕಿದ ದುಂಡುಮುತ್ತು ಯುರೋಪಿನ ಅಂಗಡಿಗೆ ಬಂತು. ಕಣ್ಣಿಗೆ ಎರಡೂ ಒಂದೇ. ಬೇರೆ ಮಾಡಬೇಕಾದರೆ ಕ್ಷ-ಕಿರಣದಲ್ಲಿ ಒಳಗಿನ ಗುಂಡನ್ನು ನೋಡಬೇಕು. ಅದರ ಬೆನ್ನಿಗೇ 1929ರ ಆರ್ಥಿಕ ಮುಗ್ಗಟ್ಟು. ಸಾಕಿದ ಮುತ್ತು ತಮ್ಮಲ್ಲಿಗೆ ಬರಬಾರದೆಂದು ಬಹ್ರೇನ್ ಕಾನೂನು ಮಾಡಿತು. ಅಸಲಿ ಮುತ್ತಿನ ಹೆಸರು ಉಳಿಯಿತು, ಗಿರಾಕಿ ಉಳಿಯಲಿಲ್ಲ.

ಬೆಲೆ ಎಷ್ಟು ಇಳಿಯಿತೆಂಬುದಕ್ಕೆ ಒಂದು ಲೆಕ್ಕ ಸಾಕು. 1917ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಟಿಯರ್ ಎಂಬ ಆಭರಣ ಸಂಸ್ಥೆ ಎರಡೆಳೆಯ ಮುತ್ತಿನ ಹಾರ ಕೊಟ್ಟು ಬದಲಿಗೆ ಒಂದು ಮಹಲನ್ನೇ ಪಡೆಯಿತು. ಹಾರದ ಬೆಲೆ ಆಗ 10 ಲಕ್ಷ ಡಾಲರ್. 1957ರಲ್ಲಿ ಅದೇ ಹಾರ ಹರಾಜಿನಲ್ಲಿ ತಂದದ್ದು ಸುಮಾರು ಒಂದೂವರೆ ಲಕ್ಷ. 

ಗೆದ್ದವರಿಗೂ ಸುಖವಿರಲಿಲ್ಲ. 1966ರಲ್ಲಿ ಜಪಾನಿನ ಉತ್ಪಾದನೆ 100 ಟನ್ನು ಮೀರಿತು, ಮರುವರ್ಷವೇ ಬೆಲೆ ಕುಸಿದು ಎಷ್ಟೋ ಸಾಕಣೆದಾರರು ಕೈಬಿಟ್ಟರು. ಆಮೇಲೆ ಚೀನಾ ಕೆರೆಕುಂಟೆಗಳಲ್ಲಿ ಸಿಹಿನೀರಿನ ಮುತ್ತು ಬೆಳೆಯಿತು. 2000ದ ದಶಕದಲ್ಲಿ ಅಲ್ಲಿಯ ಉತ್ಪಾದನೆ ವರ್ಷಕ್ಕೆ ಸಾವಿರ ಟನ್ನನ್ನೂ ದಾಟಿತು. ಮುತ್ತಿನ ನಗರವೆಂದು ಹೆಸರಾದ ಹೈದರಾಬಾದಿನ ಅಂಗಡಿಗಳಿಗೂ ಚೀನಾದ ಮುತ್ತು ಬಂದಿದೆ. ನೀವು ಪೈಪೋಟಿ ಮಾಡಬೇಕಾದದ್ದು ಇದರೊಡನೆ.

ನಮ್ಮ ಹೊಂಡದ ಲೆಕ್ಕ

ಭಾರತದಲ್ಲಿ ತೂತುಕುಡಿಯ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಸಮುದ್ರದ ಮುತ್ತನ್ನು ಸಾಕಿ ಪಡೆದರು. ಸಿಹಿನೀರಿನ ಮುತ್ತಿನ ಕೆಲಸ ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆಯಲ್ಲಿ 1980ರ ದಶಕದ ಕೊನೆಗೆ ಮೊದಲಾಯಿತು. ಕ್ರಮ ಹೀಗೆ: ಎಂಟು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಕಪ್ಪೆಚಿಪ್ಪನ್ನು ಎರಡು ಮೂರು ದಿನ ಒತ್ತಾಗಿ ಇಟ್ಟು ಬಳಲಿಸಿ, ಬಾಯಿ ಸ್ವಲ್ಪವೇ ತೆರೆದು, ಚಿಪ್ಪಿಗೂ ಒಳಪೊರೆಗೂ ನಡುವೆ ಎರಡೂ ಬದಿಗೆ ಒಂದೊಂದು ಅಚ್ಚು ಕೂರಿಸುವುದು. ಹತ್ತು ದಿನ ಆರೈಕೆ ಮಾಡಿ, ನೈಲಾನ್ ಚೀಲದಲ್ಲಿ ಎರಡೆರಡರಂತೆ ಹಾಕಿ ಸುಮಾರು ಒಂದು ಮೀಟರ್ ಆಳಕ್ಕೆ ತೂಗುಬಿಡುವುದು. 12ರಿಂದ 18 ತಿಂಗಳಲ್ಲಿ ಅಚ್ಚಿನ ಮೇಲೆ ಮುತ್ತಿನ ಪದರ ಕೂರುತ್ತದೆ.

ನನ್ನ ಮೊದಲ ಆಕ್ಷೇಪ ನೀರಿನದು. ಕೃಷಿ ಹೊಂಡ ಇರುವುದು ಮಳೆ ಕೈಕೊಟ್ಟಾಗ ರಾಗಿಗೋ ಹಿಪ್ಪುನೇರಳೆಗೋ ಒಂದು ನೀರು ಕೊಡಲು. ಚಿಪ್ಪಿಗೆ ಬೇಸಿಗೆಯಲ್ಲೂ ಆಳದ ನೀರು ಬೇಕು. ಹನೂರು ಕಡೆಯ ಮಳೆಯಾಶ್ರಿತ ಹೊಂಡಗಳಲ್ಲಿ ಎರಡೂ ಒಟ್ಟಿಗೆ ಆಗದು. ಬೆಳೆ ಒಣಗುವಾಗ ಚಿಪ್ಪಿಗೆಂದು ನೀರು ಹಿಡಿದಿಟ್ಟುಕೊಳ್ಳುವುದು ಜಾಣತನವಲ್ಲ. ಕೊಳವೆಬಾವಿಯಿಂದ ತುಂಬಿಸುವುದಾದರೆ ಆ ಖರ್ಚನ್ನೂ ಮುತ್ತಿನ ತಲೆಗೇ ಕಟ್ಟಬೇಕು.

ಎರಡನೆಯದು ಸಂಖ್ಯೆಯದು. 1,000 ಚಿಪ್ಪಿಗೆ ಅಚ್ಚು ಹಾಕಿದಿರಿ, 400 ಸತ್ತವು ಎಂದಿಟ್ಟುಕೊಳ್ಳೋಣ. ಉಳಿದ 600ರಲ್ಲಿ 1,200 ಮುತ್ತು. ಪದರ ತೆಳ್ಳಗಾದದ್ದು, ಬಣ್ಣ ಕೆಟ್ಟದ್ದು ಅರ್ಧ ಹೋದರೆ ಮಾರಲು ಉಳಿದದ್ದು 600. ಚೀನಾದ ಚಿಪ್ಪಿನ ಜಾತಿ ದೊಡ್ಡದು, ಒಂದೇ ಚಿಪ್ಪಿನಲ್ಲಿ ಇಪ್ಪತ್ತು ಮೂವತ್ತು ಮುತ್ತು ಬೆಳೆಯುತ್ತಾರೆ. ಮಣಿಮುತ್ತಿನ ಬೆಲೆಯಲ್ಲಿ ಅವರನ್ನು ಹಿಂದೆ ಹಾಕಲಾಗದು.

ಇನ್ನು ಚಿಪ್ಪು, ಸಲಕರಣೆ, ತರಬೇತಿ ಎಲ್ಲವನ್ನೂ ತಾವೇ ಮಾರಿ, ಮುತ್ತನ್ನೂ ತಾವೇ ಮರುಖರೀದಿ ಮಾಡುತ್ತೇವೆ ಎನ್ನುವವರ ಕರಾರನ್ನು ಎರಡು ಸಲ ಓದಿ. ‘ಉತ್ತಮ ದರ್ಜೆಯ ಮುತ್ತು ಮಾತ್ರ’ ಎಂದಿದ್ದರೆ ದರ್ಜೆ ನಿರ್ಧರಿಸುವವರು ಯಾರು? ತಿರಸ್ಕರಿಸಿದ್ದನ್ನು ಏನು ಮಾಡಬೇಕು? ಉತ್ತರ ಕಾಗದದ ಮೇಲಿಲ್ಲದಿದ್ದರೆ ಹಣ ಕಟ್ಟಬೇಡಿ.

ನಮಗೆ ದಾರಿಯಿದ್ದರೆ ಅದು ಅಚ್ಚಿನ ಮುತ್ತಿನಲ್ಲಿ. ಯಾವ ರೂಪದ ಅಚ್ಚು ಹಾಕಿದರೆ ಆ ರೂಪದ ಮುತ್ತು. ಮಲೆ ಮಹದೇಶ್ವರ ಬೆಟ್ಟಕ್ಕೆ ಬರುವ ಭಕ್ತರು ಹುಲಿಯೇರಿದ ಮಾದಪ್ಪನ ಪದಕ ಕೊಳ್ಳುವುದಿಲ್ಲವೇ? ದೂರದ ಹೈದರಾಬಾದಿಗಿಂತ ಈ ಗಿರಾಕಿಯನ್ನು ನಂಬುವುದು ಮೇಲೆಂದು ನನಗೆ ತೋರುತ್ತದೆ. ಆದರೂ ಊಹೆಯ ಮೇಲೆ ಸಾವಿರ ಚಿಪ್ಪು ಬಿಡಬೇಡಿ. ವರ್ಷವಿಡೀ ನೀರು ನಿಲ್ಲುವ ಹೊಂಡವಿದ್ದವರು ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿ ತರಬೇತಿ ಪಡೆದು 50 ಚಿಪ್ಪಿನಿಂದ ತೊಡಗಿರಿ. ಅದಕ್ಕೂ ಮೊದಲು ಬೇರೆಯವರು ಬೆಳೆದ ನಾಲ್ಕು ಅಚ್ಚಿನ ಮುತ್ತು ಕೊಂಡು ಬೆಟ್ಟದ ಅಂಗಡಿಯವರಿಗೂ ಕೊಳ್ಳೇಗಾಲದ ಅಕ್ಕಸಾಲಿಗರಿಗೂ ತೋರಿಸಿ. ಅವರು ಹೇಳುವ ಬೆಲೆಯನ್ನು ಬರೆದಿಟ್ಟುಕೊಂಡು, ಚಿಪ್ಪು ಅಚ್ಚು ನೀರಿನ ಖರ್ಚನ್ನು ಅದರಲ್ಲಿ ಕಳೆಯಿರಿ.