ಸಿಟ್ಟಿಗೂ ಒಂದು ಪೀರಿಯಡ್

ಜೆ.ಪಿ. ನಗರದ ಪಾರ್ಕಲ್ಲಿ ಉಯ್ಯಾಲೆಗೆ ಜಗಳ. ಒಂದು ಮಗು ಅಳ್ತಿದೆ, ಇನ್ನೊಂದು ಕಚ್ಚೋಕೆ ರೆಡಿ. ‘ಸಾರಿ ಹೇಳು’ ಅಂತ ನಾವು ಗದರ್ತೀವಿ. ಮಗು ಹೇಳತ್ತೆ, ಸಿಟ್ಟು ಮಾತ್ರ ಹಾಗೇ ಇರತ್ತೆ.

ಸಿಟ್ಟು ಬಂದಿದೆ ಅಂತ ಗುರುತಿಸೋದು, ಸರದಿ ಕಾಯೋದು, ಪಕ್ಕದವರ ಬೇಜಾರು ತಿಳ್ಕೊಳ್ಳೋದು: ಇದಕ್ಕೂ ಮಗ್ಗಿಯಷ್ಟೇ ಅಭ್ಯಾಸ ಬೇಕು.

1999ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾದ ಡ್ರೀಮ್ ಎ ಡ್ರೀಮ್ ಸಂಸ್ಥೆ ಮಕ್ಕಳಿಗೆ ಇಂಥ ಜೀವನ ಕೌಶಲ ಕಲಿಸ್ತಾ ಬಂದಿದೆ. 2018ರಲ್ಲಿ ದೆಹಲಿ ಸರ್ಕಾರಿ ಶಾಲೆಗಳ ಹ್ಯಾಪಿನೆಸ್ ಪಠ್ಯಕ್ರಮಕ್ಕೂ ಕೈಜೋಡಿಸ್ತು. ಅದರಲ್ಲಿ ನರ್ಸರಿಯಿಂದ 8ನೇ ಕ್ಲಾಸ್‌ವರೆಗೆ ಕಥೆ, ಚಟುವಟಿಕೆ, ಸ್ವಲ್ಪ ಹೊತ್ತು ಕಣ್ಮುಚ್ಚಿ ಕೂರೋದು ಇತ್ತು. ಪರೀಕ್ಷೆ ಇರಲಿಲ್ಲ, ಮಾರ್ಕ್ಸೂ ಇರಲಿಲ್ಲ. ಅಪ್ಪ-ಅಮ್ಮಂದಿರಿಗೆ ಅರಗಿಸಿಕೊಳ್ಳೋಕೆ ಇದೇ ಕಷ್ಟ ಬಿಡಿ!

ಮುಂದಿನ ಸಲ ಅಡ್ಮಿಷನ್‌ಗೆ ಹೋದಾಗ ಫೀಸ್ ಜೊತೆ ಇದನ್ನೂ ಕೇಳಿ: ‘ಇಬ್ಬರು ಮಕ್ಕಳು ಕಿತ್ತಾಡಿದ್ರೆ ನಿಮ್ಮ ಮಿಸ್ ಏನು ಮಾಡ್ತಾರೆ?’