ಮಹಿಳೆಯರ ಐಸ್ ಹಾಕಿಯೂ ದೊಡ್ಡ ಸೋಲಿನ ಪಾಠವೂ

ಐಸ್ ಎಂದರೆ ನನಗೆ ಬಾಲ್ಯದಿಂದ ಗೊತ್ತಿದ್ದುದು ನಮ್ಮೂರ ಜಾತ್ರೆಯ ಐಸ್‌ಕ್ಯಾಂಡಿ ಮಾತ್ರ. ಅಂಥವಳು ಮಂಜುಗಡ್ಡೆಯ ಮೇಲೆ ಆಡುವ ಆಟವೊಂದರ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ನಕ್ಕರೆ ಅದು ಅವರ ತಪ್ಪಲ್ಲ. ಆದರೆ ಈ ಬರಹಕ್ಕೆ ಒಂದು ಕಾರಣವುಂಟು.

ಈ ವರ್ಷದ ಅಂತರ ಕಾಲೇಜು ಕಬಡ್ಡಿ ಪಂದ್ಯದಲ್ಲಿ ನಮ್ಮ ಹುಡುಗಿಯರ ತಂಡವು 58–9 ಅಂಕಗಳಿಂದ ಸೋತಿತು. ಅಂಕಣಕ್ಕಿಳಿದ ಏಳು ಮಂದಿಯಲ್ಲಿ ನಾನೂ ಒಬ್ಬಳು. ಮರಳಿ ಬರುವಾಗ ಬಸ್ಸಿನಲ್ಲಿ ಯಾರೊಬ್ಬರೂ ಮಾತಾಡಲಿಲ್ಲ. ಕಾಲೇಜಿನಲ್ಲಿ ಮಾತ್ರ ಮಾತು ಹಲವು ದಿನ ನಡೆಯಿತು. "ಇಷ್ಟು ಸೋಲುವುದಾದರೆ ಹೋಗುವುದೇಕೆ? ಮುಂದಿನ ವರ್ಷ ತಂಡವನ್ನು ಕಳಿಸದಿದ್ದರೆ ಕಾಲೇಜಿನ ಮಾನವಾದರೂ ಉಳಿದೀತು" ಎಂದವರೂ ಉಂಟು. ಊರಿಗೆ ಹೋದಾಗ ಅವ್ವನಿಗೆ ಈ ಕಥೆ ಹೇಳಿದೆ. ಅವ್ವ ಶಾಲೆಯ ಮುಖ ಕಂಡವಳಲ್ಲ. ಕಬಡ್ಡಿಯ ಅಂಕಗಳ ಲೆಕ್ಕವೂ ಅವಳಿಗೆ ತಿಳಿಯದು. ಎಲ್ಲವನ್ನೂ ಕೇಳಿ, "ಆ ಹುಡ್ಗೀರು ಎಷ್ಟು ವರ್ಸದಿಂದ ಆಡ್ತಾವ್ರೆ? ನೀವು ಎಷ್ಟು ವರ್ಸದಿಂದ ಆಡ್ತಿದ್ದೀರಿ?" ಎಂದು ಕೇಳಿದಳು. ಅವರು ಹೈಸ್ಕೂಲಿನಿಂದ ಆಡುತ್ತಿದ್ದವರು. ನಾವು ಕೂಡಿ ಆಡಿದ್ದು ನಾಲ್ಕು ತಿಂಗಳು.

ಅವ್ವನ ಆ ಪ್ರಶ್ನೆಗೆ ಇಡೀ ಜಗತ್ತಿನ ಮಟ್ಟದ ಉತ್ತರವೊಂದು ಮಹಿಳೆಯರ ಐಸ್ ಹಾಕಿಯ ಚರಿತ್ರೆಯಲ್ಲಿ ಇದೆಯೆಂದು ನನಗೆ ತಿಳಿದದ್ದು ಆಮೇಲೆ, ನಮ್ಮ ವಾಚನಾಲಯದಲ್ಲಿ ಕುಳಿತು ಓದುವಾಗ. ಅದನ್ನೇ ಇಲ್ಲಿ ನನಗೆ ತಿಳಿದಷ್ಟು ವಿವರಿಸುತ್ತೇನೆ.

ಮೊದಲು ಆಟದ ಸ್ವರೂಪ. ಸುಮಾರು 60 ಮೀಟರು ಉದ್ದ, 30 ಮೀಟರು ಅಗಲದ ಮಂಜುಗಡ್ಡೆಯ ಅಂಗಳ. ಒಂದೊಂದು ತಂಡದಲ್ಲಿ ಗೋಲ್‌ಕೀಪರೂ ಸೇರಿ ಆರು ಮಂದಿ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು, ಕೈಯಲ್ಲಿ ಉದ್ದನೆಯ ಕೋಲು. ಚೆಂಡಿಗೆ ಬದಲು ಪಕ್ ಎಂಬ ಚಪ್ಪಟೆಯಾದ ರಬ್ಬರ್ ಬಿಲ್ಲೆ. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಭಾಗಗಳಾಗಿ ಒಟ್ಟು 60 ನಿಮಿಷದ ಆಟ. ಓಟದ ವೇಗ ಎಷ್ಟೆಂದರೆ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಆಡಲಾರರು. ಹೊರಗೆ ಕುಳಿತವರು ಒಳಗೆ, ಒಳಗಿದ್ದವರು ಹೊರಗೆ ಎಂದು ಸರದಿ ನಡೆಯುತ್ತಲೇ ಇರುತ್ತದೆ.

ದೊಡ್ಡ ಸೋಲಿನ ಬೀಜ ಇರುವುದು ಇಲ್ಲಿಯೇ. ದುರ್ಬಲವಾದ ತಂಡಕ್ಕೆ ಪಕ್ಕನ್ನು ತನ್ನ ಗೋಲಿನ ಬಳಿಯಿಂದ ಹೊರಕ್ಕೆ ಸಾಗಿಸುವುದೇ ಕಷ್ಟ. ಅದು ಹೊರಗೆ ಹೋಗದ ಹೊರತು ಆಟಗಾರ್ತಿಯರನ್ನು ಬದಲಾಯಿಸುವುದು ಅಪಾಯ. ದಣಿದವರೇ ನಿಂತು ಕಾಯಬೇಕು. ದಣಿದವರ ಮೇಲೆ ಗೋಲು ಬೀಳುವುದು ಸುಲಭ. ಹೀಗೆ ಚಿಕ್ಕ ಅಂತರವು ಬೆಳೆಬೆಳೆದು ದೊಡ್ಡದಾಗುತ್ತದೆ. ಆದುದರಿಂದ 10–0 ಎಂಬ ಫಲಿತಾಂಶವನ್ನು ಕಂಡು ಒಬ್ಬರು ಇನ್ನೊಬ್ಬರಿಗಿಂತ ಹತ್ತು ಪಟ್ಟು ಮೇಲು ಎಂದು ತಿಳಿಯುವುದು ತಪ್ಪು.

ಇನ್ನು ಅವ್ವ ಕೇಳಿದ ವರ್ಷಗಳ ಲೆಕ್ಕ. ಕೆನಡಾ ದೇಶದ ಹೆಂಗಸರು 1890ರ ಸುಮಾರಿಗೇ ಈ ಆಟವನ್ನು ಆಡುತ್ತಿದ್ದರು. ಆದರೂ ಅವರ ದಾರಿ ಸುಗಮವಾಗಿರಲಿಲ್ಲ. 1955ರಲ್ಲಿ ಟೊರಾಂಟೊ ನಗರದ ಆಬಿ ಹಾಫ್ಮನ್ ಎಂಬ ಎಂಟು ವರ್ಷದ ಬಾಲಕಿ ಕೂದಲು ಮೊಟಕಾಗಿ ಕತ್ತರಿಸಿಕೊಂಡು, ಹೆಸರನ್ನು 'ಆಬ್' ಎಂದು ಬರೆಸಿ, ಹುಡುಗರ ತಂಡದಲ್ಲಿ ಸೇರಿ ಆಡಿದಳು. 1956ರಲ್ಲಿ ಜನನ ಪತ್ರ ತೋರಿಸಬೇಕಾಗಿ ಬಂದಾಗ ಗುಟ್ಟು ರಟ್ಟಾಯಿತು. ಆಕೆಯೇ ಮುಂದೆ ಓಟಗಾರ್ತಿಯಾಗಿ ನಾಲ್ಕು ಒಲಿಂಪಿಕ್ ಕ್ರೀಡೆಗಳಲ್ಲಿ ಭಾಗವಹಿಸಿದಳು. ಅಮೆರಿಕದಲ್ಲಿ 1972ರ ಒಂದು ಕಾನೂನು, ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಬಾರದೆಂದು ವಿಧಿಸಿತು. ಕಾಲೇಜುಗಳಲ್ಲಿ ಮಹಿಳೆಯರ ತಂಡಗಳು ಹೆಚ್ಚಿದವು, ಅವರಿಗೂ ವಿದ್ಯಾರ್ಥಿವೇತನಗಳು ದೊರೆತವು. ಈ ಎರಡು ದೇಶಗಳು ಮುಂದಾದುದಕ್ಕೆ ಕಾರಣ ಅಲ್ಲಿಯ ಹೆಂಗಸರ ರಕ್ತದಲ್ಲಿಲ್ಲ. ಅವರಿಗೆ ಸಿಕ್ಕ ಅಂಗಳ, ತರಬೇತಿ ಮತ್ತು ಕಾಲಾವಕಾಶದಲ್ಲಿದೆ.

1990ರಲ್ಲಿ ಕೆನಡಾದ ಆಟವಾ ನಗರದಲ್ಲಿ ಎಂಟು ದೇಶಗಳು ಸೇರಿ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಮೊದಲ ಮಹಿಳಾ ವಿಶ್ವ ಪಂದ್ಯಾವಳಿ ನಡೆಯಿತು. ಕೆನಡಾ ತಂಡವು ಸ್ವೀಡನ್ನಿನ ಮೇಲೆ 15–1, ಪಶ್ಚಿಮ ಜರ್ಮನಿಯ ಮೇಲೆ 17–0, ಜಪಾನಿನ ಮೇಲೆ 18–0 ಎಂದು ಗೆದ್ದಿತು. ಮೂರು ಪಂದ್ಯಗಳಲ್ಲಿ ಹೊಡೆದದ್ದು 50 ಗೋಲು, ಬಿಟ್ಟುಕೊಟ್ಟದ್ದು ಒಂದು! 1998ರಲ್ಲಿ ಜಪಾನಿನ ನಗಾನೊ ನಗರದಲ್ಲಿ ಈ ಆಟ ಮೊದಲ ಬಾರಿಗೆ ಒಲಿಂಪಿಕ್ ಕ್ರೀಡೆಗಳಲ್ಲಿ ಸೇರಿತು. ಆತಿಥೇಯ ಜಪಾನು ಐದು ಪಂದ್ಯಗಳನ್ನೂ ಸೋತು, 45 ಗೋಲು ಬಿಟ್ಟುಕೊಟ್ಟು, ಎರಡನ್ನು ಮಾತ್ರ ಹೊಡೆಯಿತು. ಅದೂ ತನ್ನ ಜನರ ಕಣ್ಣೆದುರಿಗೆ.

ಇದಕ್ಕಿಂತಲೂ ವಿಚಿತ್ರವಾದ ಘಟನೆ 2008ರ ಸೆಪ್ಟೆಂಬರಿನಲ್ಲಿ ಲಾಟ್ವಿಯಾ ದೇಶದಲ್ಲಿ ನಡೆಯಿತು. ಒಲಿಂಪಿಕ್ ಅರ್ಹತಾ ಪಂದ್ಯವೊಂದರಲ್ಲಿ ಸ್ಲೊವಾಕಿಯಾ ತಂಡವು ಬಲ್ಗೇರಿಯಾವನ್ನು 82–0 ಗೋಲುಗಳಿಂದ ಸೋಲಿಸಿತು. ಲೆಕ್ಕ ಹಾಕಿದರೆ ಸುಮಾರು 44 ಸೆಕೆಂಡಿಗೆ ಒಂದು ಗೋಲು. ಹದಿನೇಳು ತಿಂಗಳು ಕಳೆದು 2010ರ ಫೆಬ್ರವರಿಯಲ್ಲಿ ಅದೇ ಸ್ಲೊವಾಕಿಯಾ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಕೆನಡಾದ ಕೈಯಲ್ಲಿ 18–0 ಎಂದು ಸೋತಿತು. ಆಗ ಜಗತ್ತಿನ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಪರಿಸ್ಥಿತಿ ಸುಧಾರಿಸದೆ ಹೀಗೆಯೇ ಮುಂದುವರಿಯುವುದು ಸಾಧ್ಯವಿಲ್ಲವೆಂದು ಅಂದಿನ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಜಾಕ್ ರೋಗ್ ಅವರೇ ಎಚ್ಚರಿಸಿದರು. ನಮ್ಮ ಕಾಲೇಜಿನಲ್ಲಿ ಕೇಳಿದ ಮಾತನ್ನು ಓದುತ್ತಿರುವೆನೋ ಎಂದು ನನಗೆ ಭಾಸವಾಯಿತು.

ಆದರೆ ಆಟವನ್ನು ತೆಗೆದುಹಾಕಲಿಲ್ಲ. ಅದರ ಬದಲು ಎರಡು ಕೆಲಸಗಳಾದವು. ಬಲಿಷ್ಠ ದೇಶಗಳ ಅನುಭವಸ್ಥ ತರಬೇತುದಾರರನ್ನೂ ಆಟಗಾರ್ತಿಯರನ್ನೂ ಇತರ ದೇಶಗಳಿಗೆ ಮಾರ್ಗದರ್ಶಕರನ್ನಾಗಿ ಒಕ್ಕೂಟವು ನೇಮಿಸಿತು. 2012ರ ವಿಶ್ವ ಪಂದ್ಯಾವಳಿಯಿಂದ ಮೊದಲುಗೊಂಡು ಗುಂಪುಗಳ ಹಂಚಿಕೆಯನ್ನು ಬದಲಾಯಿಸಲಾಯಿತು: ಮೇಲಿನ ನಾಲ್ಕು ತಂಡಗಳು ಒಂದು ಗುಂಪು, ಉಳಿದ ನಾಲ್ಕು ಇನ್ನೊಂದು. ಮೊದಲು ಸರಿಸಮಾನರೊಡನೆ ಆಡಿ, ಅಲ್ಲಿ ಗೆದ್ದವರು ಆಮೇಲೆ ಬಲಿಷ್ಠರನ್ನು ಎದುರಿಸಬಹುದು. ಇದರ ಹಿಂದಿನ ವಿವೇಕವನ್ನು ನಾವು ಗಮನಿಸಬೇಕು. 82–0 ರಂಥ ಪಂದ್ಯದಿಂದ ಸೋತವರಿಗೂ ಪಾಠವಿಲ್ಲ, ಗೆದ್ದವರಿಗೂ ಪಾಠವಿಲ್ಲ. ಪಕ್ಕನ್ನು ಮುಟ್ಟಲೇ ಆಗದವಳು ಕಲಿಯುವುದೇನನ್ನು? ಕಲಿಯುವವನಿಗೆ ಮೆಟ್ಟಿಲು ಬೇಕು. ಮೇಲಿನ ಮೆಟ್ಟಿಲು ಕಣ್ಣಿಗೆ ಕಾಣಲೂ ಬೇಕು.

ದೊಡ್ಡ ಸೋಲಿನಲ್ಲಿಯೂ ಕಲಿತವರು ಉಂಟು. ವ್ಯಾಂಕೂವರಿನ ಆ ದಿನ ಸ್ಲೊವಾಕಿಯಾದ ಗೋಲ್‌ಕೀಪರ್ ಜುಜಾನಾ ತೊಮ್ಚೀಕೊವಾ ಎಂಬಾಕೆಯ ಕಡೆಗೆ ಬಂದ ಹೊಡೆತಗಳು 67. ಅವುಗಳಲ್ಲಿ 18 ಒಳಹೊಕ್ಕವು. 49ನ್ನು ಆಕೆ ತಡೆದಳು. ಜನ ನೆನಪಿಟ್ಟದ್ದು ಹದಿನೆಂಟನ್ನು. ಮರುವರ್ಷ, 2011ರ ವಿಶ್ವ ಪಂದ್ಯಾವಳಿಯಲ್ಲಿ, ಎಲ್ಲ ದೇಶಗಳ ಆಟಗಾರ್ತಿಯರಲ್ಲಿಯೂ ಅತ್ಯಂತ ಮೌಲ್ಯಯುತಳೆಂಬ ಗೌರವ ಸಂದದ್ದು ಆಕೆಗೇ. ಇನ್ನು ಬಲಿಷ್ಠರಿಗೂ ಈ ಅನುಭವ ತಪ್ಪಿದ್ದಲ್ಲ. 2012ರಲ್ಲಿ ಕೆನಡಾ ತಂಡವೇ ಅಮೆರಿಕಕ್ಕೆ 9–2 ರಿಂದ ಸೋತು, ಒಂದೇ ವಾರದಲ್ಲಿ ಅಂತಿಮ ಪಂದ್ಯದಲ್ಲಿ ಅದೇ ಅಮೆರಿಕವನ್ನು 5–4 ರಿಂದ ಸೋಲಿಸಿತು. 2014ರ ಸೋಚಿ ಒಲಿಂಪಿಕ್ಸಿನಲ್ಲಿ ಅಮೆರಿಕಕ್ಕೆ 9–0 ರಿಂದ ಸೋತ ಸ್ವಿಟ್ಜರ್ಲೆಂಡ್ ಅದೇ ಕೂಟದಿಂದ ಕಂಚಿನ ಪದಕದೊಡನೆ ಮನೆಗೆ ಮರಳಿತು.

ನನ್ನ ಮನಸ್ಸಿಗೆ ಅತ್ಯಂತ ಹಿಡಿಸಿದ್ದು ಜಪಾನಿನ ಕಥೆ. ನಗಾನೊದ ನಂತರ ಹದಿನಾರು ವರ್ಷ ಆ ತಂಡಕ್ಕೆ ಒಲಿಂಪಿಕ್ ಪ್ರವೇಶವೇ ದೊರೆಯಲಿಲ್ಲ. ಸ್ವೀಡನ್ನಿನ ಎದುರು ಅದು ಆಡಿದ ಪಂದ್ಯಗಳನ್ನಷ್ಟೇ ಸಾಲಾಗಿ ನೋಡಿರಿ. 1998ರಲ್ಲಿ 5–0 ಸೋಲು. 2014ರಲ್ಲಿ 1–0 ಸೋಲು. 2018ರಲ್ಲಿ ಮೊದಲು 2–1 ಸೋಲು, ಅದೇ ಕೂಟದಲ್ಲಿ ಮತ್ತೆ ಎದುರಾದಾಗ ಹೆಚ್ಚುವರಿ ಸಮಯದಲ್ಲಿ 2–1 ಗೆಲುವು. 2022ರ ಬೀಜಿಂಗಿನಲ್ಲಿ 3–1 ಗೆಲುವು. ಆ ವರ್ಷ ಜಪಾನು ತನ್ನ ಗುಂಪಿನಲ್ಲಿಯೇ ಮೊದಲನೆಯದಾಯಿತು. 5–0 ರಿಂದ 3–1 ರವರೆಗೆ ನಡೆಯಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ನಗಾನೊದಲ್ಲಿ ಸೋತ ಹೆಣ್ಣುಮಕ್ಕಳಲ್ಲಿ ಬಹುಮಂದಿ ಆ ಗೆಲುವನ್ನು ಅಂಗಳದಲ್ಲಿ ನಿಂತು ಕಾಣಲಿಲ್ಲ. ಆದರೂ ಮೊದಲ ಮೆಟ್ಟಿಲು ಅವರದೇ ಅಲ್ಲವೆ?

ನಮ್ಮ ದೇಶಕ್ಕೂ ಇದರಲ್ಲಿ ಪಾಲುಂಟು. ಲಡಾಖಿನ ಹುಡುಗಿಯರು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಕುಂಟೆಗಳ ಮೇಲೆ, ವರ್ಷಕ್ಕೆ ಸುಮಾರು ಎರಡು ತಿಂಗಳು, ಎರವಲು ಸ್ಕೇಟುಗಳಲ್ಲಿ ಈ ಆಟ ಕಲಿತವರು. ಸಾರ್ವಜನಿಕರ ದೇಣಿಗೆಯ ನೆರವಿನಿಂದ 2016ರಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಏಷ್ಯಾ ಖಂಡದ ಪಂದ್ಯಾವಳಿಗೆ ತೈಪೆ ನಗರಕ್ಕೆ ಹೋಗಿ, ಒಂದು ಪಂದ್ಯವನ್ನೂ ಗೆಲ್ಲದೆ ಮರಳಿತು. 2017ರಲ್ಲಿ ಮತ್ತೆ ಹೋಯಿತು. ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡದ ಮೇಲೆ 4–3 ರಿಂದ ಮೊದಲ ಗೆಲುವು ಪಡೆಯಿತು. 2025ರಲ್ಲಿ ಸಂಯುಕ್ತ ಅರಬ್ ರಾಷ್ಟ್ರಗಳ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಕಂಚಿನ ಪದಕ ಗಳಿಸಿತು. 2016ರ ಸೋಲನ್ನು ಕಂಡು "ಮಾನ ಉಳಿಯಲಿ" ಎಂದು ಯಾರಾದರೂ ಅವರನ್ನು ಮನೆಯಲ್ಲಿ ಕೂಡಿಸಿದ್ದರೆ ಈ ಪದಕ ಎಲ್ಲಿಂದ ಬರುತ್ತಿತ್ತು?

ಇಷ್ಟನ್ನು ಓದಿದ ಮೇಲೆ ನನಗೆ ತೋರಿದ್ದು ಇದು: ದೊಡ್ಡ ಸೋಲು ಎಂಬುದು ಸೋತವರ ಯೋಗ್ಯತೆಯ ಅಳತೆಗಿಂತ ಹೆಚ್ಚಾಗಿ, ಎರಡು ತಂಡಗಳಿಗೆ ದೊರೆತ ವರ್ಷಗಳ ನಡುವಿನ ಅಂತರದ ಅಳತೆ. ಆ ಅಂತರ ಕಡಿಮೆಯಾಗಲು ಇರುವ ಉಪಾಯ, ಮುಂದಿನ ಸಲವೂ ಆಡುವುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಮೊದಲ ವರ್ಷದ ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ ನನಗೆ ಐವತ್ತಕ್ಕೆ ಏಳು ಅಂಕ ಬಂದಿದ್ದವು. ಅಂದು ನನ್ನ ಗುರುಗಳು ನನ್ನನ್ನು ತರಗತಿಯಿಂದ ಹೊರಗೆ ಕಳಿಸಲಿಲ್ಲ; ಸಂಜೆ ಅರ್ಧ ಗಂಟೆ ಹೆಚ್ಚಿಗೆ ಕೂಡಿಸಿಕೊಂಡು ಪಾಠ ಹೇಳಿದರು. ಆ ಉಪಕಾರದಿಂದಲೇ ಈಗ ಅಂತಿಮ ಬಿ.ಎ. ತರಗತಿಯಲ್ಲಿ ಕುಳಿತಿದ್ದೇನೆ.

ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ಆದರೆ ಮೊದಲ ವರ್ಷದ ನಾಲ್ವರು ತಂಗಿಯರು ಈಗಲೂ ಬೆಳಿಗ್ಗೆ ಆರು ಗಂಟೆಗೆ ಮೈದಾನಕ್ಕೆ ಬರುತ್ತಿದ್ದಾರೆ. ಹತ್ತಿರದ ಕಾಲೇಜುಗಳ ಸರಿಸಮಾನ ತಂಡಗಳೊಡನೆ ಅವರಿಗೆ ಎರಡು ಮೂರು ಸ್ನೇಹಪಂದ್ಯಗಳನ್ನು ಏರ್ಪಡಿಸಬೇಕೆಂದೂ, ಅಂತರ ಕಾಲೇಜು ಪಂದ್ಯಕ್ಕೆ ಅವರನ್ನು ತಪ್ಪದೆ ಕಳಿಸಬೇಕೆಂದೂ ಗುರುಗಳಲ್ಲಿ ವಿನಯಪೂರ್ವಕ ಬೇಡುತ್ತೇನೆ. ಅವರು 40–15 ರಿಂದ ಸೋತು ಬಂದರೆ, ದಯವಿಟ್ಟು ಆ ಹದಿನೈದನ್ನು ಮೊದಲು ಎಣಿಸಿರಿ. ಈ ವರ್ಷ ನಾವು ತಂದದ್ದು ಒಂಬತ್ತು.